ಇಪ್ಪತ್ತೊಂದು ದಿನ ಕೂರುವ ಕ್ರಮ

(ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವವರಿಗೆ ಕೈಪಿಡಿ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಮನೆಬಳಕೆಗೆ ಮಾತ್ರ)

ಬಳಕೆಗೆ ಮುನ್ನ

ಮನೆಯಲ್ಲೇ ಕೋಳಿಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ತೀರ್ಮಾನಕ್ಕೆ ಬಂದ ತಮಗೆ ಅಭಿನಂದನೆ. ಈ ತೀರ್ಮಾನವನ್ನು ಮನೆಯವರಿಗೆ ಇನ್ನೂ ತಿಳಿಸಿಲ್ಲವಾದರೆ ಕೈಪಿಡಿಯನ್ನು ಇಲ್ಲಿಗೇ ಮಡಚಿಟ್ಟು, ಆ ಕೆಲಸ ಮುಗಿಸಿ ಬನ್ನಿ. ಬಲ್ಬು, ಫ್ಯಾನು, ಥರ್ಮಾಮೀಟರು ಎಲ್ಲ ಆಮೇಲಿನ ಮಾತು.

ಪೇಟೆಯ ಕಾವುಪೆಟ್ಟಿಗೆಯ ಜತೆ ಅದರದೇ ಕೈಪಿಡಿ ಬರುವಾಗ ಈ ಮೂರು ತಾಲೂಕಿಗೆ ಬೇರೆಯದು ಯಾಕೆ ಎಂದು ಯಾರಾದರೂ ಕೇಳಬಹುದು. ಆ ಕೈಪಿಡಿ ಬರೆದವರು ಮೂರು ಸಂಗತಿಗಳನ್ನು ನಂಬಿಕೊಂಡಿದ್ದಾರೆ: ಕರೆಂಟು ಸದಾ ಇರುತ್ತದೆ, ಮೃಗಶಿರಾ ಮಳೆಯಲ್ಲೂ ಗೋಡೆ ಒಣಗಿಯೇ ಇರುತ್ತದೆ, ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಯಾರೂ ಸ್ನಾನ ಮಾಡಲು ಏಳುವುದಿಲ್ಲ. ಘಟ್ಟದ ಮೇಲೆ ಈ ಮೂರೂ ಸುಳ್ಳು.

ನಮ್ಮದು ಸಿದ್ದಾಪುರದಿಂದ ಒಳಗೆ, ಹವ್ಯಕರ ಅಡಿಕೆ ತೋಟದ ಮನೆ. ಕೊಟ್ಟಿಗೆಯಲ್ಲಿ ಉಣುಗು ವಿಪರೀತ. ನಾಲ್ಕು ಕೋಳಿ ಇದ್ದರೆ ಆರಿಸಿ ತಿನ್ನುತ್ತವೆ ಎಂದು ಯಾರೋ ಹೇಳಿದರು. ತಿನ್ನುತ್ತವೆ, ನಿಜ. ಹಾಗೆಂದು ಉಣುಗಿನಿಂದ ಬರುವ ಮಂಗನ ಕಾಯಿಲೆಯ ಸೀಮೆಯಲ್ಲಿ ಕೋಳಿಯನ್ನು ನಂಬಿ ಬರಿಗಾಲಲ್ಲಿ ಬೆಟ್ಟಕ್ಕೆ ಹೋಗಬೇಡಿ, ಅದು ಬೇರೆ ಇಲಾಖೆಯ ಕೆಲಸ. ಕೋಳಿ ಕೊಂಡು ತರಬಹುದಿತ್ತಲ್ಲ ಎನ್ನುವವರಿಗೆ ನನ್ನಲ್ಲಿ ಉತ್ತರವಿಲ್ಲ. ಕಂಪ್ಯೂಟರ್ ಓದಿದವನಿಗೆ ಒಂದು ಯಂತ್ರ ಮಾಡಿ ನೋಡುವ ಚಟ ಇರುತ್ತದೆ, ಅಷ್ಟೇ.

ಆಯಿಗೆ, ಎಂದರೆ ಅಮ್ಮನಿಗೆ, ವಿಷಯ ತಿಳಿಸಿದಾಗ ನಡೆದ ಮಾತುಕತೆಯನ್ನು ಮಾದರಿಯಾಗಿ ಕೊಟ್ಟಿದೆ.

"ಮೊಟ್ಟೆ ಒಳಗೆ ಬಪ್ಪಲಾಗ."

"ಪೆಟ್ಟಿಗೆ ಬಪ್ಪಲಕ್ಕಾ?"

"ಪೆಟ್ಟಿಗೆ ಬಂದ್ರೆ ಅಡ್ಡಿಲ್ಲೆ."

ಹೀಗೆ ಪೆಟ್ಟಿಗೆ ಒಳಗೆ ಬಂತು. ಅದರೊಳಗೆ ಏನಿದೆ ಎಂದು ಆಯಿ ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಗೆ ಇಂದಿಗೂ "ಪೆಟ್ಟಿಗೆಯದು" ಎಂದೇ ಹೆಸರು.

ಪೆಟ್ಟಿಗೆ

ಥರ್ಮೊಕೋಲ್ ಪೆಟ್ಟಿಗೆ ಸಾಕು. ಶಿರಸಿ ಪೇಟೆಯಲ್ಲಿ ಇದು ಧಾರಾಳವಾಗಿ ಸಿಗುತ್ತದೆ, ಆದರೆ ಹೆಚ್ಚಿನವು ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಬಂದ ಬಂಗಡೆಯ ಪೆಟ್ಟಿಗೆಗಳು. ಸೀಗೆಪುಡಿ, ಸೋಪು, ಬಿಸಿಲು ಯಾವುದಕ್ಕೂ ಆ ವಾಸನೆ ಬಗ್ಗುವುದಿಲ್ಲ. ಮೊಟ್ಟೆಗೇ ಅನುಮತಿ ಕಷ್ಟವಾದ ಮನೆಗೆ ಮೀನಿನ ಪೆಟ್ಟಿಗೆಯಲ್ಲಿ ಮೊಟ್ಟೆ ತರುವುದು ಒಂದೇ ಅರ್ಜಿಯಲ್ಲಿ ಎರಡು ಕೇಳಿದಂತೆ. ಔಷಧ ಅಂಗಡಿಯವರ ಹತ್ತಿರ ಲಸಿಕೆ ಬಂದ ಪೆಟ್ಟಿಗೆ ಕೇಳಿ, ಸುಮ್ಮನೆ ಕೊಡುತ್ತಾರೆ.

ಒಳಗೆ ಒಂದು ಬಲ್ಬು, ಗಾಳಿ ತಿರುಗಿಸಲು ಹಳೇ ಕಂಪ್ಯೂಟರಿನಿಂದ ಕಿತ್ತ ಸಣ್ಣ ಫ್ಯಾನು, ಶಾಖ ಏರಿದಾಗ ಬಲ್ಬು ಆರಿಸಿ ಇಳಿದಾಗ ಹೊತ್ತಿಸುವ ಥರ್ಮೊಸ್ಟ್ಯಾಟು, ಗಾಳಿಯಾಡಲು ನಾಲ್ಕು ತೂತು. ಇದರಲ್ಲಿ ಸಿಗದ ವಸ್ತು ಬಲ್ಬು. 2015ರಲ್ಲಿ ಉಜಾಲಾ ಯೋಜನೆ ಬಂದ ಮೇಲೆ ಎಲ್ಲರ ಮನೆಯಲ್ಲೂ ಎಲ್‌ಇಡಿ. ಒಳ್ಳೆಯದೇ. ಆದರೆ ತಂತಿಯ ಬಲ್ಬು ತಾನು ತಿಂದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲನ್ನು ಬಿಸಿ ಮಾಡಿ ಹಾಳು ಮಾಡುತ್ತಿತ್ತು, ನಮಗೆ ಬೇಕಾದದ್ದು ಆ ಹಾಳೇ. ಮೂರು ಅಂಗಡಿಯಲ್ಲಿ "ಆ ಬಲ್ಬಾ? ಯಾರಿಗೆ?" ಎಂದು ಕೇಳಿಸಿಕೊಂಡು, ನಾಲ್ಕನೆಯದರ ಅಟ್ಟದಿಂದ ಅರವತ್ತು ವ್ಯಾಟಿನವು ಎರಡು ಸಿಕ್ಕವು. ಒಂದನ್ನು ಹಾಕಿ, ಒಂದನ್ನು ದೇವರ ಪಕ್ಕ ಇಡಿ.

ಶಾಖ 37.5 ಡಿಗ್ರಿ ಸೆಲ್ಸಿಯಸ್. ಫ್ಯಾನು ಇಲ್ಲದ ಪೆಟ್ಟಿಗೆಯಾದರೆ ಬಿಸಿಗಾಳಿ ಮೇಲೆಯೇ ನಿಲ್ಲುವುದರಿಂದ ಮೊಟ್ಟೆಯ ನೆತ್ತಿಯ ಮಟ್ಟದಲ್ಲಿ ಒಂದು ಡಿಗ್ರಿ ಹೆಚ್ಚು ಬೇಕು. ಇಳಿದರೆ ಮರಿ ತಡವಾಗಿ ಬಂದೀತು, ಏರಿದರೆ ಬೆಂದೀತು. ಆದ್ದರಿಂದ ತಪ್ಪುವುದಾದರೆ ಕೆಳಗೆ ತಪ್ಪಿ. ಥರ್ಮಾಮೀಟರ್ ನಂಬಬೇಡಿ. ಒಂದೇ ಅಂಗಡಿಯ ಎರಡು ಥರ್ಮಾಮೀಟರುಗಳು ನಮ್ಮ ಪೆಟ್ಟಿಗೆಯಲ್ಲಿ ಎರಡು ಡಿಗ್ರಿ ಜಗಳವಾಡಿದವು. ಕೊನೆಗೆ ಜ್ವರ ನೋಡುವ ಕಡ್ಡಿ ತಂದು ಪಂಚಾಯಿತಿ ಮಾಡಿಸಬೇಕಾಯಿತು.

ಈಜಿಪ್ತಿನಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನಿಂದ ಮಣ್ಣಿನ ಗೂಡು ಕಟ್ಟಿ, ಬೆರಣಿಯ ಬೆಂಕಿಯಲ್ಲಿ ಸಾವಿರಗಟ್ಟಲೆ ಮೊಟ್ಟೆ ಮರಿ ಮಾಡುತ್ತಿದ್ದರು. ಅವರಲ್ಲಿ ಥರ್ಮಾಮೀಟರ್ ಇರಲಿಲ್ಲ. ಮೊಟ್ಟೆಯನ್ನು ಮುಚ್ಚಿದ ಕಣ್ಣೆವೆಗೆ ತಾಗಿಸಿ ಶಾಖ ನೋಡುತ್ತಿದ್ದರು, ಆ ಮನೆತನದವರು ಗೂಡಿನಲ್ಲೇ ವಾಸ ಮಾಡುತ್ತಿದ್ದರು. ಅರಿಸ್ಟಾಟಲ್ ಇನ್ನೊಂದು ವಿಧಾನ ಬರೆದಿಟ್ಟಿದ್ದಾನೆ. ಸಿರಾಕ್ಯೂಸ್ ಊರಿನ ಒಬ್ಬ ಕುಡುಕ ತನ್ನ ಚಾಪೆಯಡಿ ನೆಲದಲ್ಲಿ ಮೊಟ್ಟೆ ಹುಗಿದಿಟ್ಟು, ಮರಿ ಆಗುವ ತನಕ ಅದರ ಮೇಲೆ ಕೂತು ಕುಡಿಯುತ್ತಿದ್ದನಂತೆ. ಈ ವಿಧಾನವನ್ನು ನಾವು ಶಿಫಾರಸು ಮಾಡುವುದಿಲ್ಲ. ಆತ ಅಷ್ಟು ದಿನ ಜಾಗ ಬಿಟ್ಟು ಏಳಲಿಲ್ಲ ಎಂಬುದನ್ನು ಮಾತ್ರ ಗುರುತು ಹಾಕಿಕೊಳ್ಳಿ. ಮುಂದೆ ಬೇಕಾಗುತ್ತದೆ.

ಮೊಟ್ಟೆ

ಮೊಟ್ಟೆಯನ್ನು ಅಂಗಡಿಯಿಂದ ತರಬೇಡಿ. ಇದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಬೇಕೆಂದಿದ್ದೆ, ಯಾಕೆಂದರೆ ತಂದವನು ನಾನೇ.

2020ರ ಮಾರ್ಚ್ 25ರಿಂದ ದೇಶಕ್ಕೆ ಲಾಕ್‌ಡೌನ್ ಆಯಿತಲ್ಲ, ಅದೂ ಸರಿಯಾಗಿ ಇಪ್ಪತ್ತೊಂದು ದಿನ. ಬೆಂಗಳೂರಿನಿಂದ ಬಂದವನು ಮನೆಯಲ್ಲೇ ಸಿಕ್ಕಿಬಿದ್ದಿದ್ದೆ. ಕೋಳಿಮರಿಗೂ ಇಪ್ಪತ್ತೊಂದೇ ದಿನ ಎಂದು ಓದಿದಾಗ ಇದು ದೈವಸಂಕಲ್ಪ ಅನ್ನಿಸಿತು. ಅಂಗಡಿಯಿಂದ ಒಂದು ಡಜನ್ ಬಿಳಿ ಮೊಟ್ಟೆ ತಂದು, ಹಗಲು ರಾತ್ರಿ ಕಾದೆ. ಏಪ್ರಿಲ್ 14ಕ್ಕೆ ಲಾಕ್‌ಡೌನ್ ಮುಂದುವರಿಯಿತು. ನಾನೂ ಎರಡು ದಿನ ಮುಂದುವರಿಸಿದೆ. ಮೂರನೆಯ ದಿನ ಒಂದು ಮೊಟ್ಟೆ ತಾನಾಗಿಯೇ ಸಿಡಿಯಿತು. ಆ ಕೋಣೆಗೆ ಆಮೇಲೆ ಹದಿನೈದು ದಿನ ಬೆಕ್ಕು ಕೂಡ ಹೋಗಲಿಲ್ಲ.

ಅಂಗಡಿಯ ಮೊಟ್ಟೆ ಇಡುವ ಫಾರಂ ಕೋಳಿ ಹುಂಜದ ಮುಖ ನೋಡಿರುವುದಿಲ್ಲ. ಹುಂಜ ಇಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಮರಿ ಆಗುವುದಿಲ್ಲ. ಈ ಒಂದು ಸಂಗತಿ ನಮ್ಮ ಕೇರಿಯ ಎಂಟು ವರ್ಷದ ಹುಡುಗಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಹುಂಜದ ಜತೆ ಓಡಾಡುವ ನಾಟಿ ಕೋಳಿಯ ಮೊಟ್ಟೆ ಹುಡುಕಿ. ಇಟ್ಟು ಒಂದು ವಾರದೊಳಗಿನದಾಗಿರಲಿ, ಫ್ರಿಜ್ಜಿನಲ್ಲಿಟ್ಟದ್ದು ಬೇಡ. ನನಗೆ ಯಲ್ಲಾಪುರದ ಗೆಳೆಯನೊಬ್ಬ ಇಪ್ಪತ್ತನಾಲ್ಕು ಕೊಟ್ಟ. ಯಲ್ಲಾಪುರದಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ, ಎರಡು ಬಸ್ಸು, ತೊಡೆಯ ಮೇಲೆ ಉಮಿ ತುಂಬಿದ ಬುಟ್ಟಿ. ಬಸ್ಸಿನಲ್ಲಿ ಕೋಳಿಗೆ ಅರ್ಧ ಟಿಕೆಟ್ ಹರಿದ ಸುದ್ದಿ ಪೇಪರಿನಲ್ಲಿ ಬಂದದ್ದುಂಟು. ಮೊಟ್ಟೆಯ ವಿಷಯದಲ್ಲಿ ಕಂಡಕ್ಟರರು ಸ್ವಲ್ಪ ಹೊತ್ತು ಯೋಚಿಸಿ, ಇನ್ನೂ ಹುಟ್ಟಿಲ್ಲವಲ್ಲ ಎಂದು ಬಿಟ್ಟರು. ಬಸ್ಸು ಕುಲುಕಿದ ಮೊಟ್ಟೆಯನ್ನು ಬಂದ ಕೂಡಲೇ ಕಾವಿಗಿಡಬಾರದು. ಅಗಲದ ತುದಿ ಮೇಲಾಗಿ ಒಂದು ರಾತ್ರಿ ಸುಮ್ಮನಿಡಬೇಕು. ಆ ತುದಿಯೊಳಗೆ ಗಾಳಿಯ ಕೋಣೆ ಇದೆ, ಮರಿಯ ಮೊದಲ ಉಸಿರು ಅಲ್ಲಿಯದು.

ತೊಳೆಯಬೇಡಿ. ನಮ್ಮಂಥ ಮನೆಗಳಲ್ಲಿ ಎಲ್ಲಕ್ಕಿಂತ ಕಷ್ಟದ ನಿಯಮ ಇದು. ಹೊರಗಿನಿಂದ ಬಂದದ್ದು ಎಂಥದೇ ಇರಲಿ, ಬಾವಿಕಟ್ಟೆಯಲ್ಲಿ ತೊಳೆದೇ ಒಳಗೆ ಬರುವುದು ರೂಢಿ. ಆದರೆ ಮೊಟ್ಟೆಯ ಚಿಪ್ಪಿನಲ್ಲಿ ಸಾವಿರಾರು ತೂತುಗಳಿವೆ. ಅವುಗಳ ಮೇಲೆ ಕೋಳಿಯೇ ಹಚ್ಚಿ ಕಳಿಸಿದ ಒಂದು ತೆಳು ಲೇಪವಿದೆ. ತೊಳೆದರೆ ಲೇಪ ಹೋಗಿ ಕೊಳೆಯೇ ಒಳಗಿಳಿಯುತ್ತದೆ. ಆಯಿಗೆ ಹೇಳಿದೆ, ಅದು ಮಡಿಯುಟ್ಟೇ ಬಂದಿದೆ, ನೀರು ಹಾಕಿದರೆ ಮೈಲಿಗೆ. ಆಯಿ ನನ್ನ ಮುಖ ನೋಡಿದಳು, ಆದರೆ ಚೊಂಬು ಕೆಳಗಿಟ್ಟಳು.

ಕಾಡುಕೋಳಿಯ ಮೊಟ್ಟೆ ಸಿಕ್ಕರೆ ಇದ್ದಲ್ಲೇ ಬಿಟ್ಟು ಬನ್ನಿ. ಬೆಟ್ಟಕ್ಕೆ ಸೊಪ್ಪಿಗೆ ಹೋದವರ ಕಣ್ಣಿಗೆ ಅದು ಬೀಳುತ್ತದೆ, ಕೈಯೂ ತುರಿಸುತ್ತದೆ. 1972ರ ವನ್ಯಜೀವಿ ಕಾಯಿದೆಯಲ್ಲಿ ಅದು ಅಪರಾಧ. ಅಲ್ಲದೆ ಆ ಕುಲದ ಋಣ ನಮ್ಮ ಮೇಲೆ ಆಗಲೇ ಇದೆ. ಮನೆಕೋಳಿಯ ಮೂಲ ಕೆಂಪು ಕಾಡುಕೋಳಿ ಎಂದು ಎಲ್ಲರೂ ಓದಿದ್ದೇವೆ. ಆದರೆ ಪೇಟೆಯ ಎಷ್ಟೋ ಕೋಳಿಗಳ ಹಳದಿ ಚರ್ಮದ ಗುಣ ಬಂದದ್ದು ನಮ್ಮ ಘಟ್ಟದಲ್ಲಿ ಕೂಗುವ ಬೂದು ಕಾಡುಕೋಳಿಯಿಂದ ಎಂದು 2008ರಲ್ಲಿ ವಿಜ್ಞಾನಿಗಳು ವಂಶವಾಹಿ ನೋಡಿ ಹೇಳಿದರು. ಜಗತ್ತಿನ ಅಂಗಡಿ ಅಂಗಡಿಯಲ್ಲಿ ತೂಗುಬಿದ್ದಿರುವ ಹಳದಿ ಕಾಲಿನ ಕೋಳಿಗೆ ನಮ್ಮ ಬೆಟ್ಟದಲ್ಲಿ ನೆಂಟರಿದ್ದಾರೆ.

ಮುಹೂರ್ತ

ಮೊಟ್ಟೆ ಇಟ್ಟ ದಿನ ಲೆಕ್ಕಕ್ಕಿಲ್ಲ, ಮರುದಿನ ಒಂದನೆಯ ದಿನ. ಪಂಚಾಂಗದಲ್ಲಿ ಇಪ್ಪತ್ತೊಂದು ದಿನ ಮುಂದಕ್ಕೆ ಎಣಿಸಿ, ನಡುವೆ ಮದುವೆ, ಉಪನಯನ, ವೈಕುಂಠ ಸಮಾರಾಧನೆ, ಆಟ, ತಾಳಮದ್ದಲೆ ಇದೆಯೇ ನೋಡಿ. ಮಾರಿಕಾಂಬಾ ಜಾತ್ರೆಯ ವರ್ಷವಾದರೆ ಅದನ್ನೂ ನೋಡಿ. ಇಂಥದ್ದೊಂದೂ ಇಲ್ಲದ ಇಪ್ಪತ್ತೊಂದು ದಿನ ನಮ್ಮ ಕಡೆ ಸಿಕ್ಕರೆ ಅದು ಮಳೆಗಾಲದ ಬಾಯಲ್ಲಿ, ಎಂದರೆ ಕರೆಂಟು ಇಲ್ಲದ ಕಾಲದಲ್ಲಿ. ನಾನು ಇಟ್ಟದ್ದು ಈ ವರ್ಷ ರೋಹಿಣಿ ಮಳೆ ಹಿಡಿದ ಎರಡನೆಯ ಸಂಜೆ.

ನಾಯ್ಕರ ಕೇರಿಯ ಅಜ್ಜಿ ಬಂದು ಪೆಟ್ಟಿಗೆ ನೋಡಿದರು. ಅವರು ಎಷ್ಟು ಕೋಳಿ ಕಾವಿಗೆ ಕೂರಿಸಿದ್ದಾರೋ ಲೆಕ್ಕವಿಲ್ಲ. ನನಗೆ ನಲವತ್ತಾರು, ಅವರಿಗೆ ನಾನಿನ್ನೂ ಸಣ್ಣವ.

"ಸಣ್ಣ ಹೆಗಡೇರೇ, ಗುಡುಗಿಗೆ ಮೊಟ್ಟೆ ಕೆಡ್ತದೆ. ಅಡೀಗೆ ಒಂದು ಕಬ್ಬಿಣದ ಚೂರು ಇಡಿ."

ಇದಕ್ಕೆ ಶಾಸ್ತ್ರದ ಆಧಾರ ಇಲ್ಲ ಎಂದು ವಿವರಿಸಿದೆ. ಅವರು ಹೋದ ಮೇಲೆ ಒಂದು ಮುರುಕು ಕತ್ತಿಯ ತುದಿ ಇಟ್ಟೆ. ನಾಲ್ಕನೆಯ ರಾತ್ರಿ ಗುಡುಗಿನ ಮಳೆ ಬಂದು ಥರ್ಮೊಸ್ಟ್ಯಾಟ್ ಸುಟ್ಟುಹೋಯಿತು. ಮೊಟ್ಟೆಗೆ ಏನೂ ಆಗಲಿಲ್ಲ. ಕತ್ತಿಯ ತುದಿಯನ್ನು ಇನ್ನೂ ತೆಗೆದಿಲ್ಲ.

ಹೊರಳಿಸುವುದು

ದಿನಕ್ಕೆ ಮೂರು ಅಥವಾ ಐದು ಸಲ ಪ್ರತಿ ಮೊಟ್ಟೆಯನ್ನೂ ಮಗ್ಗುಲು ಬದಲಿಸಬೇಕು. ಇಲ್ಲವಾದರೆ ಒಳಗಿನ ಜೀವ ಮೇಲಕ್ಕೆ ತೇಲಿ ಪೊರೆಗೆ ಅಂಟಿಕೊಳ್ಳುತ್ತದೆ. ಬೆಸ ಸಂಖ್ಯೆ ಯಾಕೆಂದರೆ ರಾತ್ರಿಯ ಉದ್ದನೆಯ ಹೊತ್ತು ದಿನಾ ಒಂದೇ ಮಗ್ಗುಲಿಗೆ ಬರಬಾರದು. ಗುರುತಿಗೆ ಪೆನ್ಸಿಲಿನಿಂದ ಎರಡು ಬದಿಗೂ ಅಕ್ಷರ ಬರೆಯಿರಿ. ಅಭ್ಯಾಸಬಲದಿಂದ ನಾನು ಒಂದು ಬದಿಗೆ "ಶ್ರೀ" ಬರೆದಿದ್ದೆ. ಆಯಿ ನೋಡಿ, ಪೆಟ್ಟಿಗೆ ವಿಚಾರದಲ್ಲಿ ಕೊಟ್ಟ ಅನುಮತಿಯನ್ನೇ ಹಿಂದಕ್ಕೆ ತೆಗೆದುಕೊಳ್ಳುವ ಹಂತಕ್ಕೆ ಬಂದಳು. ಇಪ್ಪತ್ತನಾಲ್ಕು "ಶ್ರೀ"ಗಳನ್ನು ರಬ್ಬರಿನಲ್ಲಿ ಉಜ್ಜಿ "ಎ", "ಬ" ಎಂದು ಬರೆದೆ. ಎಡ, ಬಲ.

ತೇವ

ಈ ಭಾಗವನ್ನು ನಿಧಾನವಾಗಿ ಓದಿ, ನಾನು ಮೋಸಹೋದದ್ದು ಇಲ್ಲಿ.

ಮೊದಲ ಹದಿನೆಂಟು ದಿನ ಪೆಟ್ಟಿಗೆಯಲ್ಲಿ ನೂರಕ್ಕೆ ಐವತ್ತರ ಆಸುಪಾಸು ತೇವ ಇರಬೇಕು, ಕೊನೆಯ ಮೂರು ದಿನ ಅರವತ್ತೈದರ ಮೇಲೆ. ಮೃಗಶಿರಾ ಮಳೆಯಲ್ಲಿ ಹಪ್ಪಳಕ್ಕೆ, ಚಪ್ಪಲಿಗೆ, ಪದವಿ ಪ್ರಮಾಣಪತ್ರಕ್ಕೆ ಎಲ್ಲಕ್ಕೂ ಬೂಷ್ಟು ಹಿಡಿಯುವ ಊರು ನಮ್ಮದು. ಇಲ್ಲಿ ತೇವಕ್ಕೆ ಬೇರೆ ನೀರಿಡಬೇಕೆ ಎಂದು ನಗಾಡಿದೆ. ಒಳಗಿನ ಮಾಪಕ ನಲವತ್ತೆರಡು ತೋರಿಸಿತು. ಕೆಟ್ಟಿದೆ ಎಂದುಕೊಂಡು ಇನ್ನೊಂದು ತಂದೆ. ಅದು ನಲವತ್ತಮೂರು ಎಂದಿತು.

ಕೆಟ್ಟದ್ದು ನನ್ನ ಲೆಕ್ಕ. ಗಾಳಿ ಬಿಸಿಯಾದಂತೆ ಅದಕ್ಕೆ ನೀರು ಹಿಡಿಯುವ ತಾಕತ್ತು ಹೆಚ್ಚುತ್ತದೆ. 25 ಡಿಗ್ರಿಯಲ್ಲಿ ನೂರಕ್ಕೆ 90 ತೇವ ಇರುವ ಗಾಳಿಯನ್ನೇ 37.5ಕ್ಕೆ ಕಾಸಿದರೆ, ಒಂದು ಹನಿ ನೀರೂ ಹೊರಗೆ ಹೋಗದೆ, ಅದೇ ಗಾಳಿಯ ತೇವ 44ರ ಹತ್ತಿರ ಇಳಿಯುತ್ತದೆ. ಅಡಿಕೆ ಅಟ್ಟದ ಕೆಳಗೆ ಬೆಂಕಿ ಹಾಕಿ ಮಳೆಗಾಲದಲ್ಲೂ ಅಡಿಕೆ ಒಣಗಿಸಿದ ಮನೆತನದವನು ನಾನು. ಅಟ್ಟದ ಮೇಲೆ ತಿಳಿದಿದ್ದ ವಿದ್ಯೆ ಪೆಟ್ಟಿಗೆಯೊಳಗೆ ಹೊಳೆಯಲಿಲ್ಲ. ಒಂದು ಗಿಂಡಿ ನೀರಿಟ್ಟೆ, ಸರಿಯಾಯಿತು.

ಅತಿ ತೇವವೂ ಬೇಡ. ಇಟ್ಟ ದಿನದಿಂದ ಹದಿನೆಂಟನೆಯ ದಿನಕ್ಕೆ ಮೊಟ್ಟೆ ತನ್ನ ತೂಕದಲ್ಲಿ ನೂರಕ್ಕೆ ಹನ್ನೆರಡರಷ್ಟು ಕಳೆದುಕೊಳ್ಳಬೇಕು. ಕಳೆದುಕೊಂಡಷ್ಟೂ ಗಾಳಿಯ ಕೋಣೆ ದೊಡ್ಡದಾಗುತ್ತದೆ. ಕಳೆದುಕೊಳ್ಳದಿದ್ದರೆ ಮರಿ ತನ್ನ ನೀರಿನಲ್ಲೇ ಮುಳುಗುತ್ತದೆ.

ಕರೆಂಟು ಹೋದಾಗ

"ಹೋದರೆ" ಎಂದಿಲ್ಲ, ಗಮನಿಸಿ.

ಎಂಟನೆಯ ದಿನ ಸಂಜೆ ಲೈನಿನ ಮೇಲೆ ಹೊನ್ನೆಮರ ಬಿತ್ತು. ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್‌ಗೆ ಫೋನ್ ಮಾಡಿ ನನ್ನ ಮೊಟ್ಟೆ ತಣ್ಣಗಾಗುತ್ತಿದೆ ಎನ್ನುವ ಧೈರ್ಯ ಬೇಕಲ್ಲ, ಅದು ನನಗಿರಲಿಲ್ಲ. ಇನ್ವರ್ಟರು ಮೂರೂವರೆ ತಾಸು ದುಡಿದು ಕೂಗಿಕೊಂಡು ಮಲಗಿತು. ಪೇಟೆಯ ಕೈಪಿಡಿ ಈ ಪರಿಸ್ಥಿತಿಯಲ್ಲಿ ಜನರೇಟರ್ ಚಾಲೂ ಮಾಡಿ ಎನ್ನುತ್ತದೆ. ನಮ್ಮ ಕ್ರಮ ಹೀಗಿದೆ.

ಮುಚ್ಚಳ ತೆಗೆಯಬೇಡಿ. ತೆಗೆದು ನೋಡುವುದರಿಂದ ಬಿಸಿ ಹೋಗುವುದೇ ಹೊರತು ಬರುವುದಿಲ್ಲ. ಪೆಟ್ಟಿಗೆಗೆ ಕಂಬಳಿ ಹೊದಿಸಿ, ಗಾಳಿತೂತು ಒಂದನ್ನಾದರೂ ಬಿಡಿ. ಬಚ್ಚಲ ಹಂಡೆಯಿಂದ ಕೈ ಸುಡದಷ್ಟು ಬಿಸಿಯ ನೀರನ್ನು ತಂಬಿಗೆಯಲ್ಲಿ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಮೊಟ್ಟೆಗೆ ತಾಗದಂತೆ ಒಳಗಿಡಿ. ತಾಸಿಗೊಮ್ಮೆ ಬದಲಿಸಿ. ಹಂಡೆಯ ಒಲೆ ಆರಬಾರದು. ಮಳೆಗಾಲದಲ್ಲಿ ಹೊಡತಲಿನ ಮುಂದೆ ಕೂತು ಚಳಿ ಕಾಯಿಸುವ ಅಭ್ಯಾಸವಿದ್ದವರಿಗೆ ಇದೇನು ಹೊಸತಲ್ಲ, ಈ ಬಾರಿ ಜತೆಗೆ ಇಪ್ಪತ್ತನಾಲ್ಕು ಜನ ಇರುತ್ತಾರೆ.

ಎರಡನೆಯ ತಂಬಿಗೆ ಹೊತ್ತಿಗೆ ನನಗೆ ನಿದ್ದೆ ಹತ್ತಿತ್ತು. ಎಚ್ಚರವಾದಾಗ ಬೆಳಗಿನ ನಾಲ್ಕೂವರೆ. ಓಡಿಹೋಗಿ ನೋಡಿದರೆ ತಂಬಿಗೆ ಬಿಸಿಯಾಗಿತ್ತು. ಆಯಿ ಹಳೇ ಕಂಬಳಿ ಸುತ್ತಿಕೊಂಡು ಮಣೆಯ ಮೇಲೆ ಕೂತಿದ್ದಳು. ಪೆಟ್ಟಿಗೆಯದನ್ನು ಮುಟ್ಟಿರಲಿಲ್ಲ, ತಂಬಿಗೆಯನ್ನು ಮಾತ್ರ ಮುಟ್ಟಿದ್ದಳು. ಅದು ನಮ್ಮದೇ ತಂಬಿಗೆಯಲ್ಲವೇ.

ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ.

ಬೆಳಕಿಗೆ ಹಿಡಿದು ನೋಡುವುದು

ಕರೆಂಟು ಇಲ್ಲದ ರಾತ್ರಿ ಇದಕ್ಕೆ ಪ್ರಶಸ್ತ, ಕತ್ತಲೆ ಚೆನ್ನಾಗಿರುತ್ತದೆ. ಅಡಿಕೆ ಹಾಳೆಯ ತುಂಡಿಗೆ ಎರಡು ಬೆರಳಗಲದ ತೂತು ಕೊರೆದು, ಹಿಂದಿನಿಂದ ಮೊಬೈಲಿನ ಟಾರ್ಚ್ ಹಿಡಿದು, ತೂತಿನ ಮೇಲೆ ಮೊಟ್ಟೆಯ ಅಗಲದ ತುದಿ ಇಡಿ. ಏಳನೆಯ ದಿನಕ್ಕೆ ಒಳಗೆ ಕೆಂಪು ನೂಲಿನ ಬಲೆ, ನಡುವೆ ಅಲುಗುವ ಚುಕ್ಕೆ ಕಂಡರೆ ಜೀವ ಇದೆ. ಬರೀ ಹಳದಿ ಬೆಳಕು ತುಂಬಿದ್ದರೆ ಗೊಡ್ಡು. ಕೆಂಪು ಉಂಗುರ ಮಾತ್ರ ಕಂಡರೆ ಹುಟ್ಟಿ ನಿಂತುಹೋದದ್ದು. ಈ ಎರಡನ್ನೂ ತೆಗೆದುಬಿಡಿ. ನಮ್ಮಲ್ಲಿ ಗೊಡ್ಡು ಆರು, ನಿಂತುಹೋದದ್ದು ಮೂರು.

ಮೊಟ್ಟೆಯೊಳಗೆ ಮರಿ ಬೆಳೆಯುವ ಕ್ರಮವನ್ನೂ ಅರಿಸ್ಟಾಟಲ್ ಬರೆದಿದ್ದಾನೆ. ಮೂರು ದಿನ ಮೂರು ರಾತ್ರಿ ಕಳೆದ ಮೇಲೆ ಬಿಳಿಯಲ್ಲಿ ರಕ್ತದ ಚುಕ್ಕೆಯಂತೆ ಹೃದಯ ಕಾಣುತ್ತದೆ, ಜೀವವಿದ್ದಂತೆ ಮಿಡಿಯುತ್ತದೆ ಎನ್ನುತ್ತಾನೆ. ಅದನ್ನು ಒಡೆಯದೆಯೇ ನೋಡುವ ಭಾಗ್ಯ ನಮ್ಮದು. ನೋಡುತ್ತಿದ್ದಾಗ ಆಯಿ ಬಾಗಿಲಲ್ಲಿ ನಿಂತು ಕೇಳಿದಳು.

"ಎಂತದಾ ಅದು ಅಲ್ಗದು?"

"ಹೃದಯ."

ಅವಳು ಕನ್ನಡಕ ತರಲು ಹೋದಳು.

ಕೋಳಿ ಎಂಬ ಹಳೆಯ ಮಾದರಿಯ ಬಗ್ಗೆ

ನಾಯ್ಕರ ಕೇರಿಯ ಅಜ್ಜಿ ಇದೇ ಹೊತ್ತಿಗೆ ಒಂದು ಕೋಳಿಯನ್ನು ಕಾವಿಗೆ ಕೂರಿಸಿದ್ದರು. ಹೋಲಿಕೆಗಾಗಿ ಎರಡರ ವಿವರ ಕೊಡುವುದು ನ್ಯಾಯ. ಅವರ ಸಾಮಾನು: ಹಳೇ ಬುಟ್ಟಿ, ಹೇನು ಆಗದಂತೆ ತಳಕ್ಕೆ ಒಲೆಯ ಬೂದಿ, ಮೇಲೆ ಹುಲ್ಲು, ಹದಿಮೂರು ಮೊಟ್ಟೆ, ಕೋಳಿ. ಕರೆಂಟು ಬೇಡ. ಕೋಳಿ ತನ್ನ ಎದೆಯ ಪುಕ್ಕ ಉದುರಿಸಿಕೊಂಡು ಬರಿಮೈಯನ್ನು ಮೊಟ್ಟೆಗೆ ತಾಗಿಸುತ್ತದೆ. ದಿನಕ್ಕೆ ಹತ್ತಾರು ಸಲ ಕೊಕ್ಕಿನಿಂದ ಹೊರಳಿಸುತ್ತದೆ, ಅಂಚಿನದನ್ನು ನಡುವಿಗೆ, ನಡುವಿನದನ್ನು ಅಂಚಿಗೆ. ದಿನಕ್ಕೊಮ್ಮೆ ಎದ್ದು, ನಾಲ್ಕು ಕಾಳು ಹೆಕ್ಕಿ, ನೀರು ಕುಡಿದು, ಮತ್ತೆ ಬಂದು ಕೂರುತ್ತದೆ. ಹತ್ತು ದಿನದ ಹಿಂದೆ ಇಟ್ಟ ಮೊಟ್ಟೆಯೂ ನಿನ್ನೆ ಇಟ್ಟದ್ದೂ ಅದು ಕೂತ ದಿನದಿಂದಲೇ ಬೆಳೆಯಲು ಶುರುವಾಗುವುದರಿಂದ ಎಲ್ಲ ಮರಿಯೂ ಹೆಚ್ಚುಕಡಿಮೆ ಒಂದೇ ದಿನ ಬರುತ್ತವೆ.

ಬಿಳಿ ಲೆಗ್‌ಹಾರ್ನಿನಂಥ ಮೊಟ್ಟೆಯ ತಳಿಗಳಲ್ಲಿ ಈ ಗುಣವನ್ನು ಆರಿಸಿ ಆರಿಸಿ ತೆಗೆದುಹಾಕಿದ್ದಾರೆ. ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದಿಲ್ಲ, ಕೂರುವುದೆಂದರೆ ಲುಕ್ಸಾನು. ಕೂರುವ ಬುದ್ಧಿಯನ್ನು ಕೋಳಿಯಿಂದ ತೆಗೆದ ಮೇಲೆ ಆ ಕೆಲಸಕ್ಕೆ ಯಂತ್ರ ಬೇಕಾಯಿತು. ಯಂತ್ರ ಬಿಸಿ ಕೊಡುತ್ತದೆ, ಹೊರಳಿಸುವ ಮೋಟಾರೂ ಸಿಗುತ್ತದೆ. ಕೂರುವವರು ಮಾತ್ರ ಪೆಟ್ಟಿಗೆಯ ಜತೆ ಬರುವುದಿಲ್ಲ. ಈ ಮೂರು ತಾಲೂಕಿನ ತೋಟದ ಮನೆಗಳನ್ನು ನೋಡಿ, ಮಕ್ಕಳೆಲ್ಲ ಬೆಂಗಳೂರು, ಪುಣೆ, ಅಮೆರಿಕ. ಇಡೀ ದಿನ ಮನೆ ಬಿಟ್ಟು ಏಳದೆ ಇರುವವರು ಒಂದು ಮನೆಗೆ ಒಬ್ಬರು, ಹೆಚ್ಚೆಂದರೆ ಇಬ್ಬರು, ಎಪ್ಪತ್ತು ದಾಟಿದವರು. ನಾನೂ ಹತ್ತು ಹದಿನೈದನೆಯ ದಿನಗಳ ನಡುವೆ ಆಫೀಸು ಕರೆಯಿತೆಂದು ಬೆಂಗಳೂರಿಗೆ ಹೋದವನೇ. ಆ ಐದು ದಿನ ಪೆಟ್ಟಿಗೆಯದನ್ನು ಯಾರು ಹೊರಳಿಸಿದರು ಎಂದು ನಾನು ಕೇಳಲಿಲ್ಲ. ಬಂದು ನೋಡಿದಾಗ ಎಲ್ಲದರ "ಬ" ಮೇಲಿತ್ತು. ನಾನು ಹೋಗುವಾಗ "ಎ" ಮೇಲಿತ್ತು.

ಹದಿನೆಂಟರ ನಂತರ

ಹೊರಳಿಸುವುದನ್ನು ನಿಲ್ಲಿಸಿ. ನೀರು ಹೆಚ್ಚಿಡಿ. ಮುಚ್ಚಳ ತೆಗೆಯಲೇಬೇಡಿ. ಈ ಮೂರು ದಿನಕ್ಕೂ ಕೋಳಿ ಸಾಕುವವರು ಲಾಕ್‌ಡೌನ್ ಎಂದೇ ಹೇಳುತ್ತಾರೆ, 2020ಕ್ಕಿಂತ ಬಹಳ ಮುಂಚಿನಿಂದಲೇ. ಮರಿ ಮೊದಲು ಒಳಗಿನ ಪೊರೆ ತೂತು ಮಾಡಿ ಗಾಳಿಯ ಕೋಣೆಗೆ ಕೊಕ್ಕು ಹಾಕುತ್ತದೆ. ಆಗ ಮೊಟ್ಟೆಯೊಳಗಿನಿಂದಲೇ ಚಿಂವ್ ಎಂಬ ಸದ್ದು ಬರುತ್ತದೆ. ನಮ್ಮಲ್ಲಿ ಇಪ್ಪತ್ತನೆಯ ದಿನ ಮುಸ್ಸಂಜೆ ಬಂತು. ಆಯಿ ದೇವರ ದೀಪ ಹಚ್ಚುತ್ತಿದ್ದವಳು ಕಡ್ಡಿ ಆರಿಸಿ ಬಂದಳು.

ಕೊಕ್ಕಿನ ತುದಿಯಲ್ಲಿ ಒಂದು ಸಣ್ಣ ಗಟ್ಟಿ ಮೊನೆ ಇರುತ್ತದೆ, ಚಿಪ್ಪು ಒಡೆಯಲೆಂದೇ. ಹುಟ್ಟಿದ ಮೇಲೆ ಅದು ಉದುರಿಹೋಗುತ್ತದೆ. ಅದರಿಂದ ಹೊರಚಿಪ್ಪಿಗೆ ನಕ್ಷತ್ರದಂಥ ಬಿರುಕು ಬಿದ್ದ ಮೇಲೆ ಏನೂ ಆಗುವುದಿಲ್ಲ. ಹನ್ನೆರಡು ತಾಸು, ಕೆಲವೊಮ್ಮೆ ಇಪ್ಪತ್ತನಾಲ್ಕು ತಾಸು. ಅಷ್ಟು ಹೊತ್ತೂ ಬಳಕೆದಾರರ ಕೈ ತುರಿಸುತ್ತದೆ. ಒಂದು ಚೂರು ಚಿಪ್ಪು ತೆಗೆದುಕೊಟ್ಟರೆ ಪಾಪ ಸುಲಭವಾದೀತು ಅನ್ನಿಸುತ್ತದೆ. ತೆಗೆಯಬೇಡಿ. ಪೊರೆಯ ನರಗಳಲ್ಲಿ ಇನ್ನೂ ರಕ್ತ ಇರುತ್ತದೆ, ಹಳದಿಯ ಚೀಲ ಇನ್ನೂ ಹೊಟ್ಟೆಯೊಳಗೆ ಸೇರಿರುವುದಿಲ್ಲ. ಅದು ವಿಶ್ರಾಂತಿ ತೆಗೆದುಕೊಳ್ಳುತ್ತಿಲ್ಲ, ಒಳಗೆ ಕೆಲಸ ನಡೆದಿದೆ. ರಾತ್ರಿ ಎರಡು ಗಂಟೆಗೆ ನಾನು ಮುಚ್ಚಳಕ್ಕೆ ಕೈ ಹಾಕಿದೆ. ಎಷ್ಟೋ ಆಕಳ ಹೆರಿಗೆ ನೋಡಿದ ಕೈ ನನ್ನ ಮಣಿಕಟ್ಟು ಹಿಡಿಯಿತು.

"ಮುಟ್ಟಡ. ಅದರಷ್ಟಕ್ಕೆ ಅದು ಬತ್ತು."

ಬೆಳಗಿನ ಜಾವ ಮೊದಲನೆಯದು ಬಂತು. ಒದ್ದೆ, ಕುರೂಪ, ಕಾಲೆಲ್ಲ ಮುಖದ ಮೇಲೆ. ಮಧ್ಯಾಹ್ನದ ಹೊತ್ತಿಗೆ ಒಣಗಿ ಹತ್ತಿಯುಂಡೆ. ಮರುದಿನದ ತನಕ ಒಟ್ಟು ಹನ್ನೊಂದು. ನಾಲ್ಕು ಮೊಟ್ಟೆ ಕೊನೆಗೂ ಬಿರುಕು ಬಿಡಲಿಲ್ಲ. ಅಜ್ಜಿಯ ಬುಟ್ಟಿಯಲ್ಲಿ ಹದಿಮೂರಕ್ಕೆ ಹನ್ನೆರಡು.

ಮರಿ ಬಂದ ಮೇಲೆ

ಹೊಟ್ಟೆಯೊಳಗೆ ಸೇರಿದ ಹಳದಿಯ ಬಲದಲ್ಲಿ ಮರಿ ಎರಡು ದಿನ ಏನೂ ತಿನ್ನದೆ ಇರಬಲ್ಲದು. ಗಡಿಬಿಡಿ ಬೇಡ. ಮೊದಲ ವಾರ ಬಲ್ಬಿನ ಕೆಳಗೆ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಿ. ನುಚ್ಚು, ಮರಿಗಳ ಫೀಡು, ಮುಳುಗದಂತೆ ಹರಳು ಹಾಕಿದ ತಟ್ಟೆಯಲ್ಲಿ ನೀರು. ಮೊದಲ ವಾರದಲ್ಲೇ ಕೊಕ್ಕರೆ ರೋಗಕ್ಕೆ, ಅಂದರೆ ರಾಣಿಖೇತಕ್ಕೆ, ಕಣ್ಣಿಗೋ ಮೂಗಿಗೋ ಒಂದು ಹನಿ ಲಸಿಕೆ ಹಾಕಿಸಬೇಕು. ಲಸಿಕೆಯ ಸೀಸೆ ನೂರು ಕೋಳಿಯದ್ದು, ಬೆರೆಸಿದ ಮೇಲೆ ಎರಡು ತಾಸಿನಲ್ಲಿ ಮುಗಿಸಬೇಕು. ಹಾಗಾಗಿ ಹಿಂದಿನ ದಿನವೇ ಇಡೀ ಕೇರಿಗೆ ಡಂಗುರ ಹೊಡೆಯಿರಿ. ನಮ್ಮ ಅಂಗಳಕ್ಕೆ ಅಂದು ಬಂದಷ್ಟು ಜನ ಸತ್ಯನಾರಾಯಣ ಕತೆಗೂ ಬಂದಿರಲಿಲ್ಲ.

ಒಂದು ಅಡ್ಡ ಪರಿಣಾಮವನ್ನು ಪೆಟ್ಟಿಗೆಯವರು ಬರೆದಿಲ್ಲ. ಮರಿ ಕಣ್ಣು ಬಿಟ್ಟಾಗ ಎದುರು ಓಡಾಡುವುದನ್ನೇ ತಾಯಿ ಎಂದುಕೊಳ್ಳುತ್ತದೆ. ಚಿಪ್ಪಿನೊಳಗೆ ಕೊನೆಯ ದಿನಗಳಲ್ಲಿ ಕೇಳಿದ ಸ್ವರವನ್ನೂ ನೆನಪಿಟ್ಟುಕೊಳ್ಳುತ್ತದೆ. ಆಯಿ ಆ ಮೂರು ದಿನವೂ ಪೆಟ್ಟಿಗೆಯ ಪಕ್ಕ ಮಣೆ ಹಾಕಿಕೊಂಡೇ ವಿಷ್ಣು ಸಹಸ್ರನಾಮ ಹೇಳಿದ್ದಳು. ಈಗ ಸಂಜೆ ತುಳಸಿಕಟ್ಟೆಯ ಮುಂದೆ ಅವಳು ಶುರುಮಾಡಿದರೆ ಕೊಟ್ಟಿಗೆ, ಸೊಪ್ಪಿನ ರಾಶಿ, ಬಾಳೆಯ ಬುಡ ಎಲ್ಲ ಕಡೆಯಿಂದ ಅವು ಓಡಿಬರುತ್ತವೆ. ಮಡಿಯಲ್ಲಿದ್ದಾಗ ಆಚೆ ಹೋಗಿ ಎಂದು ಸೆರಗು ಎತ್ತಿ ಹಿಡಿದುಕೊಳ್ಳುತ್ತಾಳೆ, ಆದರೆ ಹೇಳುವುದನ್ನು ನಿಲ್ಲಿಸುವುದಿಲ್ಲ.

ದೋಷ ನಿವಾರಣೆ

ಮರಿ ಒಂದು ಕಡಿಮೆ ಇದೆ: ಗಿಡುಗ. ಎರಡನೆಯದೂ ಇಲ್ಲ: ಮುಂಗುಸಿ. ಎರಡೂ ನಮ್ಮಲ್ಲಿ ಆಯಿತು, ಒಂಬತ್ತು ಉಳಿದವು.

ಗೂಡಿನ ಹತ್ತಿರ ನಾಗರ ಕಂಡಿತು: ಹಾವು ಹಿಡಿಯಲು ತಿಳಿದವರನ್ನು ಕರೆಯಿರಿ. ನೀವು ತಿಳಿದವರಲ್ಲ.

ಮನೆಗೆ ಬಂದ ಭಾವ "ಹೆಗಡೇರ ಮನೆಲಿ ಕೋಳಿ ಕೂಗ್ತಡ ಹೌದನಾ?" ಎಂದು ಕೇಳಿದ: ಹೌದು ಎನ್ನಿ. ನಮ್ಮ ಕೋಳಿ ಕೂಗಿದ್ದರಿಂದಲೇ ನಿಮ್ಮೂರಲ್ಲಿ ಬೆಳಗಾಯಿತು ಎಂದೂ ಸೇರಿಸಿ.

ಮೊಟ್ಟೆ ಇಡುವ ಮೊದಲೇ ಗೂಡಿಗೆ ತಗಡು ಹೊದೆಸಿ ಬಣ್ಣ ಬಳಿದಿದ್ದೇನೆ: ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಸಾಲಿಗೆ ಸ್ವಾಗತ.

ಖಾತರಿ

ಮರಿಗಳಲ್ಲಿ ಅರ್ಧ ಹೆಣ್ಣು ಅರ್ಧ ಗಂಡು ಎಂಬುದು ಪ್ರಕೃತಿಯ ಸಾಮಾನ್ಯ ಲೆಕ್ಕ. ಒಂದು ಕಂತಿನಲ್ಲಿ ಹಾಗೇ ಆಗುತ್ತದೆ ಎಂಬುದಕ್ಕೆ ಯಾವ ಖಾತರಿಯೂ ಇಲ್ಲ. ನಮ್ಮ ಒಂಬತ್ತರಲ್ಲಿ ಮೂರು ಹೇಂಟೆ, ಆರು ಹುಂಜ. ಎಂಟು ಹತ್ತು ಹೇಂಟೆಗೆ ಒಂದು ಹುಂಜ ಸಾಕು. ದೊಡ್ಡಹಬ್ಬದ, ಎಂದರೆ ದೀಪಾವಳಿಯ, ಹೊತ್ತಿಗೆ ಆರೂ ಕೂಗಲು ಕಲಿತವು, ಬೆಳಗಿನ ಮೂರೂವರೆಗೆ, ಒಂದಾದ ಮೇಲೆ ಒಂದು. ಬೂರೆ ಹಾಯುವ ರಾತ್ರಿ ಊರ ಹುಡುಗರು ಅಂಗಳದ ಸೌತೆಕಾಯಿ, ಎಳನೀರು, ಬಚ್ಚಲ ಪಕ್ಕದ ಏಣಿ ಎಲ್ಲ ಹೊತ್ತೊಯ್ದರು. ಗೂಡಿನ ಬಾಗಿಲು ನಾನು ತೆರೆದೇ ಇಟ್ಟಿದ್ದೆ, ಹುಂಜ ಒಂದನ್ನೂ ಮುಟ್ಟಲಿಲ್ಲ.

ಹಾಗಾಗಿ ಐದು ಹುಂಜ ಇವೆ. ದುಡ್ಡು ಬೇಡ. ಸಾಕುವವರು ಯಾರೂ ಬರಬಹುದು, ಕೋಳಿ ಅಂಕದವರು ಬರಬಾರದು. ಸಾರಿಗೆ ಎಂದು ಬಂದವರು ಆಯಿಯ ಎದುರು ಹಾಗೆ ಹೇಳಬಾರದು. ಹಗಲು ಕೈಗೆ ಸಿಗುವುದಿಲ್ಲ, ಕತ್ತಲಾದ ಮೇಲೆ ಬನ್ನಿ. ಗೋಣಿಚೀಲ ನೀವೇ ತರಬೇಕು.